ಮನೆಯಲ್ಲಿ ಮತ್ತೆ ಮತ್ತೆ ಕಳವಾದಾಗ: ದಾವಣಗೆರೆ ಭಾಗದ ನಿವಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ಕಳವಾದಾಗ ಹೆಚ್ಚಿನ ಮನೆಗಳಲ್ಲಿ “ಗ್ರಹಚಾರ, ಹೋಗಿದ್ದು ಹೋಯಿತು, ಜೀವಕ್ಕೇನೂ ಆಗಲಿಲ್ಲವಲ್ಲ” ಎಂದು ಸಮಾಧಾನ ತಂದುಕೊಳ್ಳುತ್ತಾರೆ. ಅದೇ ಮನೆಯಲ್ಲಿ ಎರಡನೆಯ ಸಲವೋ ಮೂರನೆಯ ಸಲವೋ ಕಳವಾದರೆ ಆ ಸಮಾಧಾನದ ಮಾತು ನಿಂತುಹೋಗುತ್ತದೆ. ಯಾರೋ ನಮ್ಮನ್ನೇ ಗುರಿಯಿಟ್ಟಿದ್ದಾರೆ, ಗೊತ್ತಿದ್ದವರೇ ಸುಳಿವು ಕೊಡುತ್ತಿದ್ದಾರೆ ಎಂಬ ಅನುಮಾನ ಮನೆಮಂದಿಯನ್ನೆಲ್ಲ ಹಿಡಿಯುತ್ತದೆ, ಮುಸ್ಸಂಜೆಯಾದರೆ ಭಯ ಶುರುವಾಗುತ್ತದೆ. ದಾವಣಗೆರೆ ನಗರ ಮತ್ತು ಸುತ್ತಲಿನ ತಾಲ್ಲೂಕುಗಳಲ್ಲಿ ಇಂಥ ಸ್ಥಿತಿಯಲ್ಲಿರುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕಾನೂನಿನ ಕಲಂಗಳೆಲ್ಲ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯವು. ಜನರ ಬಾಯಲ್ಲಿ ಇನ್ನೂ ಇರುವ ಐಪಿಸಿ 379, 380 ಎಂಬ ಹಳೆಯ ಸಂಖ್ಯೆಗಳು ಹೊಸ ಪ್ರಕರಣಗಳಿಗೆ ಅನ್ವಯಿಸುವುದಿಲ್ಲ.

ಒಮ್ಮೆ ಕಳವಾದ ಮನೆಗೇ ಕಳ್ಳರು ಮತ್ತೆ ಬರುವುದು ಏಕೆ?

ಒಮ್ಮೆ ಒಳಗೆ ಬಂದು ಹೋದವನಿಗೆ ಹಿತ್ತಲ ಬಾಗಿಲಿನ ಚಿಲಕ ಎಷ್ಟು ಸಡಿಲವಾಗಿದೆ, ಬೀರು ಯಾವ ಕೋಣೆಯಲ್ಲಿದೆ, ನಾಯಿ ಇದೆಯೇ ಇಲ್ಲವೇ, ಓಡಿಹೋಗಲು ಯಾವ ಸಂದಿ ಅನುಕೂಲ ಎಂಬುದೆಲ್ಲ ತಿಳಿದಿರುತ್ತದೆ. ಮೊದಲ ಸಲ ಹೊರಲಾಗದೆ ಬಿಟ್ಟುಹೋದ ಸಾಮಾನು ಅವನ ನೆನಪಿನಲ್ಲಿರುತ್ತದೆ, ಹೋದ ವಸ್ತುವಿನ ಜಾಗಕ್ಕೆ ಹೊಸದು ಬಂದಿರುತ್ತದೆ ಎಂಬ ಲೆಕ್ಕವೂ ಇರುತ್ತದೆ. ಅದೇ ಸುಳಿವು ಅವನ ಜೊತೆಗಾರರಿಗೂ ದಾಟಿರಬಹುದು. ಆದ್ದರಿಂದ ಒಮ್ಮೆ ಕಳವಾದ ಮನೆಯಲ್ಲಿ ಮತ್ತೆ ಕಳವಾಗುವ ಸಂಭವ ಉಳಿದ ಮನೆಗಳಿಗಿಂತ ಹೆಚ್ಚು, ಅದರಲ್ಲೂ ಮೊದಲ ಕೆಲವು ವಾರಗಳಲ್ಲಿ ಬಹಳ ಹೆಚ್ಚು ಎಂಬುದು ಅಪರಾಧಗಳ ಅಧ್ಯಯನ ಮಾಡಿದವರು ಹಲವು ದೇಶಗಳಲ್ಲಿ ಕಂಡುಕೊಂಡಿರುವ ಸಂಗತಿ.

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕರ್ಕ್‌ಹೋಲ್ಟ್ ಬಡಾವಣೆಯಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು ಒಂದು ಪ್ರಯತ್ನ ನಡೆಯಿತು. ಇಡೀ ಬಡಾವಣೆಗೆ ಕಾವಲು ಹಾಕುವ ಬದಲು, ಈಗಾಗಲೇ ಕಳವಾದ ಮನೆಗಳ ಬಾಗಿಲು ಕಿಟಕಿಗಳನ್ನು ಕೂಡಲೇ ಭದ್ರಪಡಿಸಿದರು, ಕಳ್ಳರನ್ನು ಸೆಳೆಯುತ್ತಿದ್ದ ನಾಣ್ಯ ಹಾಕುವ ಮೀಟರುಗಳನ್ನು ತೆಗೆಸಿದರು, ಆ ಮನೆಯ ಅಕ್ಕಪಕ್ಕದ ಐದಾರು ಮನೆಯವರಿಗೆ ಅದರ ಮೇಲೆ ಕಣ್ಣಿಡುವ ಹೊಣೆ ವಹಿಸಿದರು. ಮೂರು ವರ್ಷಗಳಲ್ಲಿ ಅಲ್ಲಿನ ಮನೆಗಳವು ಸುಮಾರು ಮುಕ್ಕಾಲು ಪಾಲು ಇಳಿಯಿತು.

“ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು” ಎಂಬ ಗಾದೆಯನ್ನು ನಮ್ಮ ಕಡೆ ಕಳವಾದ ಮನೆಯವರ ಮುಂದೆಯೇ ಆಡುವವರಿದ್ದಾರೆ. ಆ ಮಾತಿಗೆ ಕುಗ್ಗಿ ಕೈಕಟ್ಟಿ ಕೂರಬೇಡಿ. ಮನೆಗಳವಿನ ವಿಷಯದಲ್ಲಿ ದಿಡ್ಡಿ ಬಾಗಿಲು ಹಾಕಲು ಅತ್ಯಂತ ತುರ್ತಾದ ಕಾಲವೆಂದರೆ ಕೊಳ್ಳೆ ಹೋದ ಮಾರನೆಯ ದಿನವೇ.

ಹೊರಗಿನಿಂದ ಬಂದಾಗ ಬೀಗ ಮುರಿದಿರುವುದು ಕಂಡರೆ ಮೊದಲು ಏನು ಮಾಡಬೇಕು?

ಒಳಗೆ ಹೋಗಬೇಡಿ. ಕಳ್ಳ ಇನ್ನೂ ಒಳಗಿರಬಹುದು, ದಾರಿ ಮುಚ್ಚಿದರೆ ಆತ ಕೈಯಲ್ಲಿರುವ ರಾಡಿನಿಂದಲೇ ಹೊಡೆಯಬಹುದು. ಪಕ್ಕದ ಮನೆಯಿಂದ 112ಕ್ಕೆ ಕರೆ ಮಾಡಿ, ಪೊಲೀಸರು ಬರುವವರೆಗೆ ಅಲ್ಲಿಯೇ ಇರಿ.

ಏನೇನು ಹೋಗಿದೆ ಎಂದು ತಕ್ಷಣ ನೋಡಬೇಕೆನ್ನುವ ಆತುರ ಸಹಜವಾದದ್ದು. ಆದರೆ ಬೀರಿನ ಬಾಗಿಲು, ಚೆಲ್ಲಾಡಿದ ಬಟ್ಟೆ, ಒಡವೆಯ ಖಾಲಿ ಡಬ್ಬಿಗಳನ್ನು ಮನೆಮಂದಿಯೆಲ್ಲ ಮುಟ್ಟಿ ನೋಡಿದ ಮೇಲೆ ಬೆರಳಚ್ಚು ತಜ್ಞರಿಗೆ ಸಿಗುವುದು ಮನೆಯವರ ಬೆರಳಚ್ಚುಗಳೇ. ಶ್ವಾನದಳದ ವಿಷಯವೂ ಹೀಗೆಯೇ. 2020ರಲ್ಲಿ ಚನ್ನಗಿರಿ ತಾಲ್ಲೂಕಿನ ಕೊಲೆ ಪ್ರಕರಣವೊಂದರಲ್ಲಿ ದಾವಣಗೆರೆ ಪೊಲೀಸರ ಶ್ವಾನ ತುಂಗಾ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಓಡಿ ಆರೋಪಿಯ ಜಾಡು ಹಿಡಿದದ್ದು ಈ ಭಾಗದವರಿಗೆಲ್ಲ ನೆನಪಿರುತ್ತದೆ. ಅಂಥ ಸಮರ್ಥ ನಾಯಿಗೂ ವಾಸನೆಯ ಜಾಡು ಬೇಕು. ಓಣಿಯ ಜನರೆಲ್ಲ ಮನೆಯೊಳಗೆ ಓಡಾಡಿ, ಯಾರೋ ಒಬ್ಬರು “ಮನೆ ಹೀಗಿದ್ದರೆ ಚೆನ್ನಾಗಿರಲ್ಲ” ಎಂದು ಕಸ ಗುಡಿಸಿ ನೆಲ ಒರೆಸಿಬಿಟ್ಟರೆ ಆ ಜಾಡು ಉಳಿಯುವುದಿಲ್ಲ. ಆಪ್ತರ ಆ ಉಪಕಾರವನ್ನು ವಿನಯದಿಂದಲೇ ತಡೆಯಿರಿ, ಮತ್ತು ಬಾಗಿಲು ಮುಟ್ಟುವ ಮೊದಲೇ ಮೊಬೈಲಿನಲ್ಲಿ ಎಲ್ಲದರ ಚಿತ್ರ ತೆಗೆದಿಟ್ಟುಕೊಳ್ಳಿ.

ಪ್ರತಿ ಸಲವೂ ಹೋಗುವುದು ಸಣ್ಣಪುಟ್ಟ ವಸ್ತು. ಅದಕ್ಕೂ ದೂರು ಕೊಡಬೇಕೆ?

ಕೊಡಬೇಕು, ಪ್ರತಿ ಸಲವೂ ಕೊಡಬೇಕು. ಹಿತ್ತಲ ಹಿತ್ತಾಳೆ ನಲ್ಲಿ, ತಾಮ್ರದ ಹಂಡೆ, ಸಂಪಿನ ಮೋಟಾರು, ಗ್ಯಾಸ್ ಸಿಲಿಂಡರ್ ಹೋದಾಗ “ಇಷ್ಟಕ್ಕೆಲ್ಲ ಠಾಣೆ ಮೆಟ್ಟಿಲು ಹತ್ತುವುದೇ” ಎಂದು ಬಿಟ್ಟವರ ಮನೆಯಲ್ಲಿಯೇ ಮುಂದೆ ದೊಡ್ಡ ಕಳವಾದಾಗ, ಹಿಂದೆಯೂ ಹೀಗೆ ನಡೆದಿತ್ತು ಎಂಬುದಕ್ಕೆ ದಾಖಲೆಯೇ ಇರುವುದಿಲ್ಲ. ಒಂದೇ ಓಣಿಯಿಂದ ಬಂದ ನಾಲ್ಕು ಸಣ್ಣ ದೂರುಗಳು ಬೀಟ್ ಪೊಲೀಸರಿಗೆ ಕಳ್ಳನ ಸಮಯ, ದಾರಿ ಮತ್ತು ರೀತಿಯನ್ನು ತೋರಿಸಿಕೊಡುತ್ತವೆ. ದೂರುಗಳೇ ಇಲ್ಲದ ಓಣಿ ಅವರ ಲೆಕ್ಕದಲ್ಲಿ ನೆಮ್ಮದಿಯ ಓಣಿ.

ಇಲ್ಲಿ ಕಾನೂನಿನ ಒಂದು ಅಂಶ ತಿಳಿದಿರಬೇಕು. ಸಾಮಾನ್ಯ ಕಳವು ನ್ಯಾಯ ಸಂಹಿತೆಯ ಕಲಂ 303ರ ಕೆಳಗೆ ಬರುತ್ತದೆ. ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ಶಿಕ್ಷೆಗೆ ಒಳಗಾಗುವವನು ಅದನ್ನು ಹಿಂತಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆಗೆ ಅವಕಾಶವಿದೆ, ಮತ್ತು ಅಂಥ ಸಣ್ಣ ಕಳವು ಪೊಲೀಸರು ನೇರವಾಗಿ ತನಿಖೆಗೆ ಇಳಿಯಬಹುದಾದ ಸಂಜ್ಞೇಯ ಅಪರಾಧವಲ್ಲ. ಆದರೆ ವಾಸದ ಮನೆಯೊಳಗಿನ ಕಳವಿಗೆ ಕಲಂ 305 ಬೇರೆಯೇ ಇದೆ; ಅದಕ್ಕೆ ಏಳು ವರ್ಷದವರೆಗೆ ಸೆರೆವಾಸವಿದೆ, ಅದು ಸಂಜ್ಞೇಯ ಮತ್ತು ಜಾಮೀನುರಹಿತ ಅಪರಾಧ. ರಾತ್ರಿ ಬೀಗ ಮುರಿದು ಕಳವಿಗಾಗಿ ಒಳನುಗ್ಗಿದ್ದರೆ ಕಲಂ 331ರಡಿ ಹದಿನಾಲ್ಕು ವರ್ಷದವರೆಗೂ ಶಿಕ್ಷೆಯಾಗಬಹುದು. ಆದ್ದರಿಂದ ದೂರಿನಲ್ಲಿ “ವಸ್ತು ಕಾಣೆಯಾಗಿದೆ” ಎಂದು ಬರೆಯದೆ, ಮನೆಯ ಯಾವ ಭಾಗದಿಂದ, ಯಾವ ಹೊತ್ತಿನಲ್ಲಿ, ಏನನ್ನು ಮುರಿದು ಒಯ್ದಿದ್ದಾರೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದೆ “ನೋಡೋಣ, ವಿಚಾರಿಸೋಣ” ಎಂದು ಕಳಿಸಿದರೆ?

ಸಂಜ್ಞೇಯ ಅಪರಾಧದ ಮಾಹಿತಿ ಬಂದಾಗ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಈಗ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರನ್ನು ಸ್ವೀಕರಿಸಬೇಕು. ದೂರನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಿ ಮೂರು ದಿನಗಳೊಳಗೆ ಸಹಿ ಮಾಡಬಹುದು. ದಾಖಲಾದ ಮಾಹಿತಿಯ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು. ನಿರಾಕರಿಸಿದರೆ ದೂರಿನ ಸಾರಾಂಶವನ್ನು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ, ಅಲ್ಲಿಯೂ ಕ್ರಮವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ವಕೀಲರನ್ನು ಇಟ್ಟುಕೊಳ್ಳಲು ಶಕ್ತಿಯಿಲ್ಲದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಿರಿ. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100.

ಒಂದು ಎಚ್ಚರಿಕೆ: ಪೊಲೀಸ್ ಇಲಾಖೆಯ ಇ-ಲಾಸ್ಟ್ ಸೌಲಭ್ಯ ಎಲ್ಲೋ ಬಿದ್ದುಹೋದ ದಾಖಲೆ, ವಸ್ತುಗಳಿಗಾಗಿ ಇರುವುದು. ಕಳವಾದ ಒಡವೆಗೋ ಮೊಬೈಲಿಗೋ ಆ ಸ್ವೀಕೃತಿಯಿಂದ ತನಿಖೆ ಶುರುವಾಗುವುದಿಲ್ಲ. ಅಲ್ಲಿ ಒತ್ತುವ ಮೊದಲು ಯೋಚಿಸಿ.

ದೂರು ಬಲವಾಗಿರಬೇಕಾದರೆ ಯಾವ ವಿವರಗಳು ಬೇಕು?

“ಸುಮಾರು ಐವತ್ತು ಗ್ರಾಂ ಬಂಗಾರ” ಎಂಬ ಸಾಲಿಗಿಂತ “ಎರಡೆಳೆಯ ಅವಲಕ್ಕಿ ಸರ, ಕೊಂಡಿಯ ಹತ್ತಿರ ಬೆಸುಗೆ ಹಾಕಿದ ಗುರುತಿದೆ, ಮಗಳ ಮದುವೆಯ ಫೋಟೋದಲ್ಲಿ ಕೊರಳಲ್ಲಿದೆ” ಎಂಬ ಸಾಲು ಹತ್ತು ಪಟ್ಟು ಉಪಯುಕ್ತ, ಏಕೆಂದರೆ ಮುಂದೆ ಅಡವಿನ ಅಂಗಡಿಯಲ್ಲಿಯೋ ಕರಗಿಸುವವರ ಬಳಿಯೋ ಮಾಲು ಸಿಕ್ಕಾಗ ಅದು ನಿಮ್ಮದೇ ಎಂದು ಗುರುತಿಸುವುದು ಇಂಥ ವಿವರಗಳಿಂದಲೇ. 2023ರ ಏಪ್ರಿಲ್ 1ರ ನಂತರ ಮಾರಾಟವಾದ ಹಾಲ್‌ಮಾರ್ಕ್ ಒಡವೆಗಳ ಮೇಲೆ ಅಕ್ಷರ ಅಂಕಿಗಳು ಸೇರಿದ ಆರು ಸ್ಥಾನಗಳ ಎಚ್‌ಯುಐಡಿ, ಅಂದರೆ ಆ ಒಡವೆಗಷ್ಟೇ ಸೇರಿದ ಗುರುತಿನ ಸಂಖ್ಯೆ ಇರುತ್ತದೆ; ಬಿಲ್ಲಿನೊಂದಿಗೆ ಅದನ್ನೂ ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ *#06# ಒತ್ತಿದರೆ ಐಎಂಇಐ, ಅಂದರೆ ಆ ಫೋನಿನದೇ ಆದ ಗುರುತಿನ ಸಂಖ್ಯೆ ಕಾಣುತ್ತದೆ, ಕಳವಾದ ಮೇಲೆ ದೂರಿನ ಪ್ರತಿಯೊಂದಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ಸಿಇಐಆರ್ ವಿಭಾಗದಲ್ಲಿ ಫೋನನ್ನು ಬಂದ್ ಮಾಡಿಸಬಹುದು. ಹಿಂದಿನ ಕಳವುಗಳ ಅಪರಾಧ ಸಂಖ್ಯೆಗಳನ್ನು ಹೊಸ ದೂರಿನಲ್ಲಿ ತಪ್ಪದೆ ನಮೂದಿಸಿ.

ಹೋದ ಮಾಲು ಎಂದಾದರೂ ಸಿಗುತ್ತದೆಯೇ?

ಎಲ್ಲರಿಗೂ ಸಿಗುತ್ತದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಆದರೆ ತಿಂಗಳುಗಳು ಕಳೆದವು ಎಂಬ ಒಂದೇ ಕಾರಣಕ್ಕೆ ಕೈಬಿಡಬಾರದು. 2024ರ ಅಕ್ಟೋಬರಿನಲ್ಲಿ ನಮ್ಮದೇ ಜಿಲ್ಲೆಯ ನ್ಯಾಮತಿಯ ಬ್ಯಾಂಕ್ ಶಾಖೆಯೊಂದರಿಂದ ರೈತರು, ಗೃಹಿಣಿಯರು ಅಡವಿಟ್ಟಿದ್ದ 17 ಕಿಲೋಗೂ ಹೆಚ್ಚು ಚಿನ್ನ ಕಳವಾಯಿತು. ಕಳ್ಳರು ಖಾರದ ಪುಡಿ ಎರಚಿ, ಕ್ಯಾಮೆರಾದ ದೃಶ್ಯಗಳು ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತೊಯ್ದಿದ್ದರು. ಸುಮಾರು ಐದು ತಿಂಗಳ ನಂತರ ಆರೋಪಿಗಳು ಸಿಕ್ಕಿಬಿದ್ದರು, ಬಹುಪಾಲು ಚಿನ್ನ ತಮಿಳುನಾಡಿನ ಮದುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಬಾವಿಯೊಂದರಿಂದ ಹೊರಬಂದಿತು.

ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂದು ಸುರಕ್ಷಾ ಸಂಹಿತೆಯ ಕಲಂ 193 ಹೇಳುತ್ತದೆ. ಕೇಳಲು ಸಂಕೋಚ ಬೇಡ. ಪತ್ತೆಯಾಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ‘ಸಿ’ ರಿಪೋರ್ಟ್ ಸಲ್ಲಿಸುತ್ತಾರೆ. ಅದರ ಅರ್ಥ ಸದ್ಯಕ್ಕೆ ಪತ್ತೆಯಾಗಿಲ್ಲ ಎಂದಷ್ಟೇ, ಮುಂದೆ ಸುಳಿವು ಸಿಕ್ಕರೆ ತನಿಖೆ ಮತ್ತೆ ಜೀವ ಪಡೆಯಬಹುದು. ಮಾಲು ಸಿಕ್ಕ ಮೇಲೆ ಪ್ರಕರಣ ಮುಗಿಯುವವರೆಗೆ ಅದು ಠಾಣೆಯಲ್ಲಿ ಕೊಳೆಯಬೇಕಾಗಿಲ್ಲ. ಫೋಟೋ, ಪಂಚನಾಮೆ, ಬಾಂಡ್ ಮಾಡಿಸಿಕೊಂಡು ಬೇಗನೆ ಮಾಲೀಕರಿಗೆ ಕೊಡಬೇಕೆಂದು 2002ರ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ. ಮಧ್ಯಂತರ ಸ್ವಾಧೀನಕ್ಕಾಗಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿಸಿ.

ಕೆಲಸದವಳ ಮೇಲೆ ಅನುಮಾನವಿದೆ. ಅಂಜನ ಹಾಕಿಸಿದರೆ ಕಳ್ಳ ಯಾರೆಂದು ತಿಳಿಯುತ್ತದೆಯೇ?

ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕು, ಏಕೆಂದರೆ ಕಳವಿಗಿಂತ ಹೆಚ್ಚಿನ ಹಾನಿ ಹಲವು ಮನೆಗಳಲ್ಲಿ ಆಗುವುದು ಇಲ್ಲಿಯೇ. ಅಂಜನ ನೋಡುವವರು, ಕಣಿ ಹೇಳುವವರು ಸಾಮಾನ್ಯವಾಗಿ “ಮನೆಗೆ ಬಂದು ಹೋಗುವ ಹೆಂಗಸು, ನಸುಗಪ್ಪು, ಪೂರ್ವ ದಿಕ್ಕಿನ ಮನೆ” ಎನ್ನುವಂಥ ಮಾತು ಹೇಳುತ್ತಾರೆ. ಅಂಥ ಮಾತು ಯಾರಿಗೆ ಬೇಕಾದರೂ ಹೊಂದುತ್ತದೆ, ಮತ್ತು ಅದು ಹೋಗಿ ಕೂರುವುದು ಮನೆಯವರು ಮೊದಲೇ ಅನುಮಾನಿಸಿದ್ದವರ ಮೇಲೆ. ಬಹುತೇಕ ಸಲ ಬಡವರ ಮೇಲೆ, ಪಾತ್ರೆ ತಿಕ್ಕಲು ಬರುವ ಹೆಂಗಸಿನ ಮೇಲೆ. ಒಂದು ಓಣಿಯಲ್ಲಿ “ಅವಳನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಡಿ” ಎಂಬ ಮಾತು ಹಬ್ಬಿದರೆ ಆಕೆ ನಾಲ್ಕು ಮನೆಗಳ ಕೆಲಸ ಕಳೆದುಕೊಳ್ಳುತ್ತಾಳೆ. ಮುಂದೆ ನಿಜವಾದ ಕಳ್ಳ ಸಿಕ್ಕರೂ ಆಕೆಗೆ ಆದ ಅವಮಾನ ಹಿಂದಕ್ಕೆ ಬರುವುದಿಲ್ಲ. ದೇವಸ್ಥಾನದಲ್ಲಿ ಪ್ರಮಾಣ ಮಾಡಿಸುವುದು, ಚೀಲ ತಡಕುವುದು, ಕೂಡಿಹಾಕಿ ಕೇಳುವುದು ಇವೆಲ್ಲ ಬೇಡವೇ ಬೇಡ. ಕೂಡಿಹಾಕುವುದು ತಾನೇ ಒಂದು ಅಪರಾಧ.

ಅನುಮಾನ ಇದ್ದರೆ ಅದನ್ನು ಪೊಲೀಸರಿಗೆ ಮಾತ್ರ, ಕಾರಣ ಸಹಿತ ಹೇಳಿ. “ಕೀಲಿ ಇರುವ ಜಾಗ ಇಂತಿಂಥವರಿಗೆ ಗೊತ್ತಿತ್ತು, ಹೋದ ತಿಂಗಳು ಇಂತಿಂಥವರು ಬಣ್ಣ ಹೊಡೆಯಲು ಬಂದಿದ್ದರು” ಎಂಬುದು ಮಾಹಿತಿ. “ಅವನೇ ಕಳ್ಳ” ಎಂಬುದು ಆರೋಪ. ಇನ್ನೂ ಒಂದು ಸಂಗತಿ: ಮನೆಗೆಲಸದವರನ್ನು ವಿಶ್ವಾಸದಿಂದ ನಡೆಸಿಕೊಂಡ ಮನೆಗಳಲ್ಲಿ, ಗೇಟಿನ ಬಳಿ ಅಪರಿಚಿತರು ಸುಳಿದಾಡಿದ್ದನ್ನು ಮೊದಲು ಬಂದು ಹೇಳುವವರೂ ಅವರೇ.

ತೆಗೆಯುತ್ತಿರುವವರು ಮನೆಯವರೇ ಎಂದು ತಿಳಿದುಬಂದರೆ?

ಬೀಗ ಮುರಿದಿರುವುದಿಲ್ಲ, ಹಣ ಒಮ್ಮೆಲೇ ಹೋಗದೆ ಸ್ವಲ್ಪ ಸ್ವಲ್ಪವಾಗಿ ಹೋಗುತ್ತದೆ, ಬೀರಿನ ಕೀಲಿ ಎಲ್ಲಿದೆ ಎಂಬುದು ಮನೆಯವರಿಗೆ ಮಾತ್ರ ಗೊತ್ತಿರುತ್ತದೆ. ಇಂಥ ಮನೆಗಳಲ್ಲಿ ತಾಯಂದಿರು ಗೊತ್ತಿದ್ದೂ ಬಾಯಿಬಿಡದೆ ನವೆಯುತ್ತಾರೆ. ಹಿಂದೆ ಹೆಚ್ಚಾಗಿ ಕುಡಿತವಿರುತ್ತದೆ, ಇತ್ತೀಚೆಗೆ ಕ್ರಿಕೆಟ್ ಬೆಟ್ಟಿಂಗ್ ಮತ್ತು ಮೊಬೈಲಿನ ಜೂಜಿನ ಸಾಲವೂ ಇರುತ್ತದೆ. ಒಡವೆಯನ್ನು ಮನೆಯಿಂದ ಹೊರಗಿಡಿ, ಮನೆಯಲ್ಲಿ ನಗದು ಇಡಬೇಡಿ, ಯುಪಿಐ ಪಿನ್ ಬದಲಿಸಿ. ಅದರ ಜೊತೆಗೆ ಆ ವ್ಯಕ್ತಿಯ ಮುಂದೆ ವಿಷಯವನ್ನು ಒಮ್ಮೆ, ಕೂಗಾಡದೆ, ಹಿರಿಯರೊಬ್ಬರ ಎದುರಿನಲ್ಲಿ ಬಿಚ್ಚಿಡಿ. ವ್ಯಸನಮುಕ್ತಿಗೆ 14446 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಸಾಲ ತೀರಿಸಿಕೊಟ್ಟರೆ ಚಟ ಬಿಡುತ್ತಾನೆ ಎಂಬ ನಂಬಿಕೆಯಿಂದ ಗದ್ದೆ ಮಾರಿದ ಕುಟುಂಬಗಳಿವೆ. ಚಿಕಿತ್ಸೆ ಶುರುವಾಗುವ ಮುನ್ನ ಸಾಲ ತೀರಿಸುವುದು ಸಾಮಾನ್ಯವಾಗಿ ಹೊಸ ಸಾಲಕ್ಕೆ ದಾರಿ.

ಗಂಡ ಅಥವಾ ಅವನ ಮನೆಯವರು ಹೆಂಡತಿಯ ಒಡವೆ ಒಯ್ದರೆ ಅದನ್ನು “ಮನೆಯ ವಿಷಯ” ಎಂದು ಬಿಡಬೇಕಾಗಿಲ್ಲ. ಸ್ತ್ರೀಧನ ಆಕೆಯದೇ ಸ್ವತ್ತು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯಡಿ ಅದನ್ನು ಹಿಂದಕ್ಕೆ ಕೇಳಬಹುದು, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ಮಕ್ಕಳೇ ಪಿಂಚಣಿ ಕಸಿಯುತ್ತಿದ್ದರೆ ಹಿರಿಯ ನಾಗರಿಕರು 2007ರ ಪಾಲಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಯಲ್ಲಿ ಜೀವನಾಂಶ ಕೇಳಬಹುದು.

ಕೈಯಲ್ಲಿರುವ ಹಣ ಕಡಿಮೆ. ಮೊದಲು ಯಾವುದಕ್ಕೆ ಖರ್ಚು ಮಾಡಬೇಕು?

ಕಳ್ಳ ಬಂದ ದಾರಿಗೆ. ಅವನು ಹಿತ್ತಲ ಬಾಗಿಲಿನಿಂದ ಬಂದಿದ್ದರೆ ಮುಂಬಾಗಿಲಿಗೆ ಹೊಸ ಬೀಗ ಹಾಕುವುದರಿಂದ ಪ್ರಯೋಜನವಿಲ್ಲ.

ಮುರಿದ ಬಾಗಿಲನ್ನು ಹತ್ತಿರದಿಂದ ನೋಡಿದರೆ ಒಂದು ವಿಷಯ ತಿಳಿಯುತ್ತದೆ: ದುಬಾರಿ ಬೀಗ ಹಾಗೆಯೇ ನೇತಾಡುತ್ತಿರುತ್ತದೆ, ಕಿತ್ತುಬಂದಿರುವುದು ಚಿಲಕದ ಕೊಂಡಿ. ಅದನ್ನು ಹಿಡಿದಿದ್ದ ಅರ್ಧ ಇಂಚಿನ ಸ್ಕ್ರೂಗಳು ಹಳೆಯ ಮರದಿಂದ ಪುಡಿಯೊಂದಿಗೆ ಎದ್ದು ಬಂದಿರುತ್ತವೆ. ಪತ್ರಿಕೆಗಳಲ್ಲಿ ಬರುವ “ಬೀಗ ಮೀಟಿ ಒಳನುಗ್ಗಿದ ಕಳ್ಳರು” ಎಂಬ ಸುದ್ದಿಯ ಹಿಂದೆ ಹೆಚ್ಚಾಗಿ ಇರುವುದು ಇಂಥ ಚಿಲಕವೇ. ಕೊಂಡಿಯನ್ನು ಮರದ ಆಚೆ ಬದಿಯವರೆಗೆ ಹೋಗುವ ಬೋಲ್ಟು ನಟ್ಟಿನಿಂದ ಬಿಗಿಸಿ, ಒಳಗೆ ಅಡ್ಡ ಪಟ್ಟಿ ಕೊಡಿಸಿ, ಬಾಗಿಲಿನೊಳಗೇ ಕೂರುವ ಬೀಗ ಹಾಕಿಸಿ. ಹೊರಗೆ ನೇತಾಡುವ ಬೀಗ ಮನೆಯಲ್ಲಿ ಯಾರೂ ಇಲ್ಲವೆಂದು ದೂರದಿಂದಲೇ ಸಾರುತ್ತದೆ. ಬಚ್ಚಲು ಮನೆಯ ಗಾಜಿನ ಪಟ್ಟಿಗಳ ಕಿಟಕಿಗೆ ಸರಳು ಹಾಕಿಸಿ. ಮಾಳಿಗೆಯ ಮೆಟ್ಟಿಲ ಬಾಗಿಲನ್ನು ಮರೆಯಬೇಡಿ. ದಾವಣಗೆರೆಯ ಏಪ್ರಿಲ್, ಮೇ ತಿಂಗಳ ಸೆಕೆಗೆ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗಿ, ಕೆಳಗಿನ ಬಾಗಿಲನ್ನು ಸುಮ್ಮನೆ ಮುಂದೆ ಮಾಡಿ ಬಿಡುವ ರೂಢಿ ಕಳ್ಳರಿಗೆ ಚೆನ್ನಾಗಿ ಗೊತ್ತಿದೆ. ಕೀಲಿಯನ್ನು ತುಳಸಿ ಕಟ್ಟೆಯ ಹಿಂದೆ, ಮೀಟರ್ ಪೆಟ್ಟಿಗೆಯ ಮೇಲೆ, ಚಪ್ಪಲಿ ಗೂಡಿನಲ್ಲಿ ಇಡುವುದನ್ನು ಇಂದೇ ಬಿಡಿ. ಬಾಡಿಗೆ ಮನೆಯಾಗಿದ್ದರೆ ಮಾಲೀಕರಿಗೆ ದುರಸ್ತಿಯ ಕೋರಿಕೆಯನ್ನು ವಾಟ್ಸ್‌ಆ್ಯಪ್‌ನಲ್ಲಿಯಾದರೂ ಬರಹದಲ್ಲಿ ಕಳಿಸಿ, ಹಿಂದಿನ ಬಾಡಿಗೆದಾರರ ಬಳಿ ಕೀಲಿ ಉಳಿದಿರಬಹುದಾದ್ದರಿಂದ ಬೀಗವನ್ನು ಬದಲಿಸಿಕೊಳ್ಳಿ.

ಸಿಸಿ ಕ್ಯಾಮೆರಾ ಹಾಕಿಸಿದರೆ ಸಾಕೆ?

ಕ್ಯಾಮೆರಾ ಬಾಗಿಲಿಗೆ ಬದಲಿಯಲ್ಲ. ಹಾಕಿಸುವುದಾದರೆ ಗೇಟಿನಿಂದ ಬರುವವರ ಮುಖ ಕಾಣುವ ಎತ್ತರದಲ್ಲಿ ಹಾಕಿಸಿ; ಸೂರಿನ ಅಂಚಿನಿಂದ ತೆಗೆದ ಚಿತ್ರದಲ್ಲಿ ಟೋಪಿ ಮಾತ್ರ ಕಾಣುತ್ತದೆ. ನ್ಯಾಮತಿಯಲ್ಲಿ ಆದಂತೆ ಡಿವಿಆರ್ ಪೆಟ್ಟಿಗೆಯನ್ನೇ ಒಯ್ಯುವುದುಂಟು, ಆದ್ದರಿಂದ ಅದನ್ನು ಟಿವಿಯ ಪಕ್ಕದಲ್ಲಿಡದೆ ಕಣ್ಣಿಗೆ ಬೀಳದ ಜಾಗದಲ್ಲಿ ಇಡಿ, ಅಥವಾ ಮೊಬೈಲಿಗೂ ದೃಶ್ಯ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತ ಹೋಗುವುದರಿಂದ ಕಳವಾದ ಕೂಡಲೇ ಪ್ರತಿ ತೆಗೆಸಿ, ಮೂಲ ಪೆಟ್ಟಿಗೆಯನ್ನು ಪೊಲೀಸರಿಗೆ ತೋರಿಸಿ. ಪಕ್ಕದ ಮನೆಯ ಕಿಟಕಿಯತ್ತ ಕ್ಯಾಮೆರಾ ತಿರುಗಿಸಬೇಡಿ. ದೃಶ್ಯದಲ್ಲಿ ಕಂಡವರನ್ನೆಲ್ಲ “ಕಳ್ಳ” ಎಂದು ಬರೆದು ಗುಂಪುಗಳಿಗೆ ಹಂಚಬೇಡಿ. ವಿಳಾಸ ಕೇಳಲು ಬಂದ ಕೊರಿಯರ್ ಹುಡುಗ ಅದಕ್ಕೆ ಬಲಿಯಾಗಬಹುದು, ಮಾನನಷ್ಟದ ಹೊಣೆ ನಿಮ್ಮ ಮೇಲೆ ಬರಬಹುದು.

ದುಗ್ಗಮ್ಮನ ಜಾತ್ರೆಗೋ, ಮದುವೆಗೋ ಊರು ಬಿಟ್ಟು ಹೋಗಬೇಕಾದಾಗ?

ಎರಡು ವರ್ಷಕ್ಕೊಮ್ಮೆ ನಗರದೇವತೆ ದುಗ್ಗಮ್ಮನ ಜಾತ್ರೆ ನಡೆಯುವಾಗ ಊರೆಲ್ಲ ನೆಂಟರಿಂದ ತುಂಬಿರುತ್ತದೆ, ಅಪರಿಚಿತ ಮುಖಗಳು ಯಾರಿಗೂ ವಿಶೇಷವೆನಿಸುವುದಿಲ್ಲ. ಇಂಥ ದಿನಗಳಲ್ಲಿ ಮನೆ ಬಿಟ್ಟು ಹೋಗುವುದಾದರೆ ಠಾಣೆಗೆ ವಿಳಾಸ ಮತ್ತು ದಿನಾಂಕಗಳನ್ನು ಲಿಖಿತವಾಗಿ ತಿಳಿಸಿ, ರಾತ್ರಿ ಗಸ್ತಿನಲ್ಲಿ ನೋಡುವಂತೆ ಕೋರಿ. ಬೀಟ್ ಪೊಲೀಸರ ಹೆಸರು, ಫೋನ್ ಸಂಖ್ಯೆ ಓಣಿಯ ಪ್ರತಿ ಮನೆಯಲ್ಲಿಯೂ ಇರಬೇಕು. 2025ರಲ್ಲಿ ರಾಜ್ಯ ಪೊಲೀಸರು ಆರಂಭಿಸಿದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮದ ಉದ್ದೇಶವೂ ಇದೇ ಪರಿಚಯ. ಹಾಲು, ಪತ್ರಿಕೆ ನಿಲ್ಲಿಸಿ. ಪಕ್ಕದ ಮನೆಯವರು ಬೆಳಿಗ್ಗೆ ನಿಮ್ಮ ಅಂಗಳಕ್ಕೂ ನೀರು ಹಾಕಿ ಒಂದೆಳೆ ರಂಗೋಲಿ ಬಿಟ್ಟರೆ ಅದು ಒಳ್ಳೆಯ ಬೀಗದಷ್ಟೇ ಕೆಲಸ ಮಾಡುತ್ತದೆ. ಪ್ರವಾಸದ ಚಿತ್ರಗಳನ್ನು ಮರಳಿ ಬಂದ ಮೇಲೆ ಹಾಕಿ.

ಕಾಂಪೌಂಡಿನ ತಂತಿಗೆ ಕರೆಂಟ್ ಕೊಡಬಹುದೇ? ಸಿಕ್ಕಿಬಿದ್ದ ಕಳ್ಳನಿಗೆ ಹೊಡೆಯಬಹುದೇ?

ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಕೊಡಲೇಬೇಡಿ. ಅದು ಅಪರಾಧ, ಚೆಂಡು ಹುಡುಕಿ ಬರುವ ಮಗುವೋ, ದನವೋ, ಮನೆಯವರೇ ಯಾರಾದರೂ ಅದಕ್ಕೆ ಸಿಕ್ಕು ಸಾಯಬಹುದು.

ಸ್ವತ್ತಿನ ರಕ್ಷಣೆಯ ಹಕ್ಕನ್ನು ನ್ಯಾಯ ಸಂಹಿತೆ ಒಪ್ಪುತ್ತದೆ, ರಾತ್ರಿ ಮನೆ ಒಡೆದು ನುಗ್ಗಿದವನ ವಿರುದ್ಧ ಆ ಹಕ್ಕು ಇನ್ನೂ ವಿಸ್ತಾರವಾಗಿದೆ. ಆದರೆ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕನ್ನು ಕಾನೂನು ಯಾರಿಗೂ ಕೊಟ್ಟಿಲ್ಲ. ಶರಣಾದವನನ್ನು ಕಂಬಕ್ಕೆ ಕಟ್ಟಿ ಹೊಡೆದರೆ ಅದು ರಕ್ಷಣೆಯಲ್ಲ, ಹಲ್ಲೆ. ನಿಮ್ಮ ಕಣ್ಣೆದುರೇ ಇಂಥ ಅಪರಾಧ ಮಾಡಿದವನನ್ನು ಸಾಮಾನ್ಯ ನಾಗರಿಕರೂ ಹಿಡಿಯಬಹುದು, ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕೆಂದು ಸುರಕ್ಷಾ ಸಂಹಿತೆಯ ಕಲಂ 40 ಹೇಳುತ್ತದೆ. ಗುಂಪಿನ ಆವೇಶದಲ್ಲಿ ತಪ್ಪು ಮನುಷ್ಯನಿಗೆ ಪೆಟ್ಟು ಬಿದ್ದು, ಮನೆ ಕಳವಾದವರೇ ಆರೋಪಿಗಳಾದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ವಿಮೆ, ಲಾಕರ್ ಇದ್ದರೆ ನಷ್ಟ ತುಂಬುತ್ತದೆಯೇ?

ಮನೆಗೆ ಸಾಮಾನ್ಯವಾಗಿ ಮಾಡಿಸುವ ಭಾರತ್ ಗೃಹ ರಕ್ಷಾ ಪಾಲಿಸಿ ಬೆಂಕಿ, ಪ್ರವಾಹದಂಥ ಅವಘಡಗಳಿಗಾಗಿ ಇರುವುದು. ಅಂಥ ಅವಘಡದ ನಂತರ ಏಳು ದಿನಗಳೊಳಗೆ ಆದ ಕಳವಿಗೆ ಮಾತ್ರ ಅದು ಅನ್ವಯಿಸುತ್ತದೆ. ಕನ್ನಗಳವಿಗೆ ಪ್ರತ್ಯೇಕ ರಕ್ಷಣೆ ಪಡೆಯಬೇಕು, ಬಲವಂತವಾಗಿ ಒಳನುಗ್ಗಿದ ಗುರುತು ಬೇಕೆಂಬ ಷರತ್ತು ಅದರಲ್ಲಿ ಇರುತ್ತದೆಯೇ ನೋಡಿ. ಬ್ಯಾಂಕ್ ಲಾಕರಿನಲ್ಲಿ ಕಳವಾದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಬ್ಯಾಂಕಿನ ಹೊಣೆ. ಒಡವೆಯ ಬೆಲೆಗೆ ಅದು ಸಾಲದಿರಬಹುದು, ಆದರೂ ಪದೇ ಪದೇ ಕಳವಾಗುವ ಮನೆಯ ಬೀರಿಗಿಂತ ಲಾಕರ್ ಮೇಲು.

ರಾತ್ರಿ ನಿದ್ದೆ ಬರುತ್ತಿಲ್ಲ, ಸಣ್ಣ ಸದ್ದಿಗೂ ಎದೆ ಹೊಡೆದುಕೊಳ್ಳುತ್ತದೆ. ಇದು ನನ್ನ ದೌರ್ಬಲ್ಯವೇ?

ಖಂಡಿತ ಅಲ್ಲ. ಅಪರಿಚಿತನೊಬ್ಬ ನಿಮ್ಮ ನಡುಮನೆಯಲ್ಲಿ ಓಡಾಡಿದ್ದಾನೆ, ನಿಮ್ಮ ಸೀರೆಗಳನ್ನು ಕೆದರಿದ್ದಾನೆ, ದೇವರ ಕೋಣೆಯ ಬೆಳ್ಳಿ ದೀಪವನ್ನು ಎತ್ತಿಕೊಂಡಿದ್ದಾನೆ. ದೇಹ ಅದನ್ನು ಅಪಾಯವೆಂದೇ ದಾಖಲಿಸಿಕೊಂಡು, ಮತ್ತೆ ಹಾಗಾಗದಂತೆ ಎಚ್ಚರವಾಗಿರಲು ಹವಣಿಸುತ್ತದೆ. ಬೆಕ್ಕು ಶೀಟಿನ ಮೇಲೆ ನಡೆದರೂ ಬೆಚ್ಚಿ ಏಳುವುದು, ಚಿಲಕವನ್ನು ಮೂರು ನಾಲ್ಕು ಸಲ ಎದ್ದು ನೋಡುವುದು, ವಿನಾಕಾರಣ ಸಿಟ್ಟು, ಅಳು, ಕಳವಾದ ಕೋಣೆಗೆ ಹೋಗಲು ಹಿಂಜರಿಕೆ, ಇವೆಲ್ಲ ಮೊದಲ ಕೆಲವು ವಾರಗಳಲ್ಲಿ ಸಹಜ. “ಹೋಗಿದ್ದು ನಾಲ್ಕು ಪಾತ್ರೆ, ಅದಕ್ಕಿಷ್ಟು ಯಾಕೆ” ಎಂದು ಗಂಡಸರು ಗದರುವುದುಂಟು. ಅವರಲ್ಲಿ ಹಲವರಿಗೆ ತಾವೂ ನಿದ್ದೆಗೆಟ್ಟಿರುವುದನ್ನು ಹೇಳಿಕೊಳ್ಳಲು ಆಗುತ್ತಿರುವುದಿಲ್ಲ.

ರಾತ್ರಿ ಬೀಗಗಳನ್ನು ನೋಡುವ ಕೆಲಸವನ್ನು ಒಬ್ಬರಿಗೆ ವಹಿಸಿ, ಒಂದು ಕ್ರಮದಲ್ಲಿ ಒಮ್ಮೆ ನೋಡಿ, “ಆಯಿತು” ಎಂದು ಬಾಯಿಬಿಟ್ಟು ಹೇಳಿ ಮಲಗಿ. ಮತ್ತೆ ಮತ್ತೆ ಎದ್ದು ನೋಡಿದಷ್ಟೂ ಭಯ ಬಲಿಯುತ್ತದೆ. ಹಾಸಿಗೆಯ ಪಕ್ಕದಲ್ಲಿ ಮಚ್ಚು ಇಡುವುದಕ್ಕಿಂತ ಚಾರ್ಜ್ ಆದ ಫೋನು, ಟಾರ್ಚು, ಒಂದು ಸೀಟಿ ಇಡಿ. ಮಲಗುವ ಮೊದಲು ಕಳವಿನ ಸುದ್ದಿ, ವೀಡಿಯೊಗಳನ್ನು ನೋಡಬೇಡಿ. ಕಳವಾದ ಕೋಣೆಯನ್ನು ಮುಚ್ಚಿಡದೆ, ಸಾಮಾನಿನ ಜಾಗ ಬದಲಿಸಿ, ಹಗಲು ಹೊತ್ತಿನಲ್ಲಿ ಮನೆಯವರೆಲ್ಲ ಅಲ್ಲಿ ಕೂತು ಮಾತಾಡಿ ಮತ್ತೆ ಬಳಕೆಗೆ ತನ್ನಿ.

ತಿಂಗಳು ಕಳೆದರೂ ನಿದ್ದೆ ಮರಳದಿದ್ದರೆ, ಘಟನೆ ಕಣ್ಣ ಮುಂದೆ ಮತ್ತೆ ಮತ್ತೆ ಬರುತ್ತಿದ್ದರೆ, ಮನೆ ಬಿಟ್ಟು ಹೊರಡಲಾಗದೆ ಕೆಲಸ ಕೆಟ್ಟರೆ, ಕುಡಿತ ಹೆಚ್ಚಿದರೆ ವೈದ್ಯರನ್ನು ಕಾಣಲೇಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ನಗರದ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಮನೋರೋಗ ತಜ್ಞರ ಭೇಟಿಯ ದಿನ ತಿಳಿಯುತ್ತದೆ.

ಮಕ್ಕಳಿಗೆ ಮತ್ತು ಒಂಟಿಯಾಗಿರುವ ಹಿರಿಯರಿಗೆ ಹೇಗೆ ಧೈರ್ಯ ಹೇಳಬೇಕು?

ಮಕ್ಕಳಿಂದ ಮುಚ್ಚಿಟ್ಟರೆ ಅವರು ದೊಡ್ಡವರ ಪಿಸುಮಾತಿನಿಂದ ಇನ್ನೂ ಭಯಂಕರವಾದದ್ದನ್ನು ಕಲ್ಪಿಸಿಕೊಳ್ಳುತ್ತಾರೆ. ನಡೆದದ್ದನ್ನು ಸರಳವಾಗಿ ಹೇಳಿ, ಹೊಸ ಚಿಲಕ ಹಾಕುವಾಗ ಜೊತೆಯಲ್ಲಿ ನಿಲ್ಲಿಸಿಕೊಳ್ಳಿ. “ಗಲಾಟೆ ಮಾಡಿದರೆ ಕಳ್ಳ ಬರುತ್ತಾನೆ” ಎಂದು ಹೆದರಿಸುವುದನ್ನು ನಿಲ್ಲಿಸಿ.

ಮಕ್ಕಳು ಬೆಂಗಳೂರಿನಲ್ಲಿದ್ದು ತಂದೆತಾಯಿ ಮಾತ್ರ ಇಲ್ಲಿರುವ ಮನೆಗಳು ವಿದ್ಯಾನಗರ, ಎಂಸಿಸಿ ‘ಬಿ’ ಬ್ಲಾಕ್ ಮುಂತಾದ ಬಡಾವಣೆಗಳಲ್ಲಿ ಕಡಿಮೆಯಿಲ್ಲ. ಪ್ರತಿ ರಾತ್ರಿ ಗೊತ್ತಾದ ಹೊತ್ತಿಗೆ ಒಂದು ಫೋನು, ಪಕ್ಕದ ಮನೆಗೆ ಕೇಳುವಂಥ ಒಂದು ಕರೆಗಂಟೆ, ಬಾಗಿಲಿಗೆ ಸರಪಳಿ ಮತ್ತು ನೋಡುವ ಕಿಂಡಿ, ಇವು ಕಡಿಮೆ ಖರ್ಚಿನ ದೊಡ್ಡ ಆಸರೆಗಳು. ನೀರಿನ ಮೀಟರ್ ನೋಡುವವರು, ಒಡವೆ ಪಾಲಿಶ್ ಮಾಡುವವರು ಎಂದು ಹೇಳಿಕೊಂಡು ಬಂದವರನ್ನು ಹಿರಿಯರು ಒಳಗೆ ಬಿಡಬಾರದು. ಹಿರಿಯರ ಸಹಾಯವಾಣಿ 14567.

ಕಳವಾಗುವುದು ತೋಟದ ಮನೆಯಲ್ಲಿ, ಅಡಿಕೆ ಮತ್ತು ಪಂಪ್‌ಸೆಟ್ ಕೇಬಲ್. ಅಲ್ಲಿ ಕಾವಲು ಹೇಗೆ?

ಚನ್ನಗಿರಿ, ಹೊನ್ನಾಳಿ ಕಡೆಯ ರೈತರ ಪ್ರಶ್ನೆ ಇದು. ಕಣದಲ್ಲಿ ಒಣಗುವ ಅಡಿಕೆಯನ್ನು ತೂಗಿ ಬರೆದಿಡಿ. ತೂಕವಿಲ್ಲದೆ ಎಷ್ಟು ಹೋಯಿತೆಂದು ಸಾಧಿಸಲಾಗದು. ಕೇಬಲ್ ಮೇಲೆ ಒಂದೊಂದು ಮಾರಿಗೂ ಬಣ್ಣದ ಗುರುತು ಹಾಕಿ, ಸಾಧ್ಯವಿದ್ದಷ್ಟನ್ನು ಪೈಪಿನೊಳಗೆ ನೆಲದಡಿ ಹೂಳಿ. ಅಕ್ಕಪಕ್ಕದ ತೋಟದವರು ಸೇರಿ ಕೊಯ್ಲಿನ ಕಾಲಕ್ಕೆ ಸರದಿ ಕಾವಲು ಮಾಡುವುದು ಇವತ್ತಿಗೂ ಎಲ್ಲಕ್ಕಿಂತ ಫಲಕಾರಿ. ಹಳೆಯ ತಾಮ್ರ ಕೊಳ್ಳುವ ಗುಜರಿಯವರಿಗೆ ಕಳವಿನ ವಿಷಯ ತಿಳಿಸಿ. ಕಳವಿನ ಮಾಲೆಂದು ತಿಳಿದೂ ಕೊಂಡರೆ ನ್ಯಾಯ ಸಂಹಿತೆಯ ಕಲಂ 317ರಡಿ ಅವರಿಗೂ ಶಿಕ್ಷೆಯಿದೆ.

ಈ ಮನೆಯನ್ನೇ ಬಿಟ್ಟುಬಿಡುವುದು ಒಳ್ಳೆಯದೇ?

ಕಳವಾದ ವಾರದಲ್ಲಿ ಈ ನಿರ್ಧಾರ ಬೇಡ. ಸ್ವಂತ ಮನೆಯನ್ನು ಆತುರದಲ್ಲಿ ಮಾರಿದರೆ ಬೆಲೆಯೂ ಸಿಗುವುದಿಲ್ಲ, ಹೊಸ ಜಾಗದಲ್ಲಿ ಅಕ್ಕಪಕ್ಕದವರ ಪರಿಚಯವಾಗುವವರೆಗೆ ಭಯವೂ ಜೊತೆಯಲ್ಲಿಯೇ ಬರುತ್ತದೆ. ದಾರಿ ಮುಚ್ಚಿ, ದೂರು ಕೊಟ್ಟು, ಓಣಿಯವರನ್ನು ಜೊತೆಗೆ ಸೇರಿಸಿಕೊಂಡು ಎರಡು ಮೂರು ತಿಂಗಳು ನೋಡಿ. ಕೆಲವು ದಿನ ತವರಿಗೋ ಅಣ್ಣನ ಮನೆಗೋ ಹೋಗಿ ನಿದ್ದೆ ಮಾಡಿ ಬರುವುದರಲ್ಲಿ ತಪ್ಪಿಲ್ಲ, ಆಗ ಮನೆಯಲ್ಲಿ ನಂಬಿಕೆಯ ಯಾರಾದರೂ ಮಲಗಲಿ.

ಆದರೆ ಸುತ್ತ ಖಾಲಿ ನಿವೇಶನಗಳೇ ಇದ್ದು, ಬೀದಿ ದೀಪಕ್ಕಾಗಿ ಮಹಾನಗರ ಪಾಲಿಕೆಗೆ ಅರ್ಜಿ ಕೊಟ್ಟರೂ ಫಲವಿಲ್ಲದೆ, ಬಾಡಿಗೆ ಮನೆಯ ಮಾಲೀಕರು ಬಾಗಿಲು ಸರಿಪಡಿಸಲು ಒಪ್ಪದೆ, ಮನೆಯ ಹೆಣ್ಣುಮಕ್ಕಳು ಒಬ್ಬರೇ ಇರಲು ಹೆದರುತ್ತಿದ್ದರೆ ಮನೆ ಬದಲಿಸುವುದೇ ಸರಿ. ಆಗ ಬಾಡಿಗೆ ಐನೂರು ಹೆಚ್ಚಾದರೂ ಎರಡೂ ಪಕ್ಕದಲ್ಲಿ ಸಂಸಾರವಂದಿಗರು ಇರುವ ಮನೆಯನ್ನು ಹುಡುಕಿ, ಮುಂಗಡ ಕೊಡುವ ಮೊದಲು ರಾತ್ರಿ ಒಂಬತ್ತರ ನಂತರ ಒಮ್ಮೆ ಹೋಗಿ ಆ ಓಣಿಯಲ್ಲಿ ನಡೆದು ನೋಡಿ. ಹಳೆಯ ವಿಳಾಸದ ಪ್ರಕರಣ ಹಾಗೆಯೇ ಮುಂದುವರಿಯುತ್ತದೆ. ಹೊಸ ವಿಳಾಸ ಮತ್ತು ಫೋನ್ ಸಂಖ್ಯೆಯನ್ನು ತನಿಖಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.